ಆಟದೊಳಗೆ ನಮ್ಮ ಮನೆಯ ಚಿತ್ರ

ಅಖಂಡವಾದ ಒಂದು ಚಿತ್ರವನ್ನು ತುಂಡುತುಂಡಾಗಿ ಕತ್ತರಿಸಿ, ಆ ತುಂಡುಗಳನ್ನು ಚೆಲ್ಲಾಪಿಲ್ಲಿ ಮಾಡಿ, ಬಳಿಕ ಒಂದೊಂದಾಗಿ ಹೊಂದಿಸಿ ಮೊದಲಿನ ರೂಪಕ್ಕೆ ತರುವ ಆಟವನ್ನು ಹುಟ್ಟಿಸಿದುದು ಕಂಪ್ಯೂಟರಲ್ಲ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆ ಕೊರೆಯುವವನು ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ರಾಜ್ಯರಾಜ್ಯಗಳ ಎಲ್ಲೆಗುಂಟ ಗರಗಸವನ್ನಾಡಿಸಿ, ಅನುಕೂಲಸ್ಥರ ಮಕ್ಕಳು ಭೂಗೋಳವನ್ನು ಆಡುತ್ತಾಡುತ್ತ ಕಲಿಯಲೆಂದು ಮಾರಿದನು. ಮುಂದೆ ಮರ ಹೋಗಿ ರಟ್ಟು ಬಂದಿತು, ರಟ್ಟಿನ ಸ್ಥಾನವನ್ನು ಗಾಜಿನ ಪರದೆ ಆಕ್ರಮಿಸಿತು. ಆದರೆ ಯಾವ ಚಿತ್ರವನ್ನು ಕತ್ತರಿಸತಕ್ಕದ್ದು ಎಂಬುದನ್ನು ನಿರ್ಧರಿಸುವ ಅಧಿಕಾರ ಮಾತ್ರ ಬಹುಕಾಲ ಮಾರುವವನ ಕೈಯಲ್ಲಿಯೇ ಉಳಿದಿತ್ತು. ಆಡುವವನು ಆ ಅಧಿಕಾರವನ್ನು ತಾನೇ ತೆಗೆದುಕೊಳ್ಳಬಹುದಾದ, ತನ್ನ ಮನೆಯ ಭಾವಚಿತ್ರವನ್ನೋ ತನ್ನ ಊರಿನ ಜಾತ್ರೆಯ ವಿಡಿಯೋವನ್ನೋ ಆಟದ ಸಾಮಗ್ರಿಯನ್ನಾಗಿ ಮಾಡಿಕೊಳ್ಳಬಹುದಾದ ಕೆಲವು ಆಟಗಳು ಈಗ ಕಾಸಿನ ಖರ್ಚಿಲ್ಲದೆ ದೊರೆಯುತ್ತಿವೆ. ನಮ್ಮ ಶಾಲೆಗಳು ಅವನ್ನು ಇನ್ನೂ ಸರಿಯಾಗಿ ಕಣ್ಣೆತ್ತಿ ನೋಡಿಲ್ಲವೆಂಬುದು ನನ್ನ ದೂರು.

ಇವು ಮುಕ್ತ ತಂತ್ರಾಂಶದ ಆಟಗಳು. ಇವುಗಳನ್ನು ರಚಿಸಿದವರು ತಮ್ಮ ಕ್ರಮವಿಧಿಯ ಮೂಲಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಎಲ್ಲರೂ ಓದುವಂತೆ ಬಿಚ್ಚಿಟ್ಟು, ಬಳಸುವ, ತಿದ್ದುವ, ಪ್ರತಿಮಾಡಿ ಹಂಚುವ ಸ್ವಾತಂತ್ರ್ಯವನ್ನು ಪರವಾನಗಿಯ ಮೂಲಕವೇ ಕೊಟ್ಟಿರುತ್ತಾರೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿ, 1989ರಲ್ಲಿ ಜಿಪಿಎಲ್ ಎಂಬ ಪರವಾನಗಿಯ ರೂಪದಲ್ಲಿ ಕಾನೂನಿನ ಚೌಕಟ್ಟಿಗೆ ತಂದ ತತ್ತ್ವವಿದು. ಕೆಡಿಇ ಎಂಬ ಸಮುದಾಯದವರ ಪಲಪೆಲಿ ಎಂಬ ಆಟವನ್ನು ನೋಡಿ: ನಮ್ಮದೊಂದು ಛಾಯಾಚಿತ್ರವನ್ನು ತೋರಿಸಿ, ಎಷ್ಟು ತುಂಡು ಬೇಕು, ತುಂಡಿನ ಅಂಚು ಕೊಂಕಾಗಿರಬೇಕೋ ನೇರವಾಗಿರಬೇಕೋ ಎಂದು ಹೇಳಿದರೆ, ಕ್ಷಣಮಾತ್ರದಲ್ಲಿ ಅದನ್ನು ಕತ್ತರಿಸಿ ಮುಂದಿಡುತ್ತದೆ, ಹೀಗೆ ಸಿದ್ಧವಾದ ಆಟವನ್ನು ಒಂದು ಕಡತವಾಗಿ ಪೆನ್‌ಡ್ರೈವಿಗೆ ಹಾಕಿ ಪಕ್ಕದ ಊರಿನ ಶಾಲೆಗೂ ಕಳುಹಿಸಬಹುದು. ಇನ್ನು, ಮದುವೆಯ ವಿಡಿಯೋ ನೋಡಲೆಂದು ನಮ್ಮ ಕಂಪ್ಯೂಟರುಗಳಲ್ಲಿ ಬಹುಪಾಲು ಎಲ್ಲರೂ ಹಾಕಿಸಿಕೊಂಡಿರುವ, ಕಿತ್ತಳೆ ಬಣ್ಣದ ಶಂಕುವಿನ ಗುರುತಿನ ವಿಎಲ್‌ಸಿಯ ಹೊಟ್ಟೆಯಲ್ಲಿ ಇಂಥದೇ ಒಂದು ಆಟ ಅಡಗಿದೆಯೆಂಬುದನ್ನು ಬಲ್ಲವರು ವಿರಳ. ಪ್ಯಾರಿಸಿನ ಒಂದು ಎಂಜಿನಿಯರಿಂಗ್ ವಿದ್ಯಾಲಯದ ವಿದ್ಯಾರ್ಥಿಗಳು 1996ರಲ್ಲಿ ಕೈಗೊಂಡ ಯೋಜನೆಯ ಫಲವಾದ ಈ ತಂತ್ರಾಂಶ 2001ರಲ್ಲಿ ಜಿಪಿಎಲ್ ಪರವಾನಗಿಯಡಿ ಸರ್ವರ ಸೊತ್ತಾಯಿತು. ಅದರ ದೃಶ್ಯಪರಿಣಾಮಗಳ ಪಟ್ಟಿಯೊಳಗಿನ ಪಜಲ್ ಎಂಬುದನ್ನು ಒತ್ತಿದೆವಾದರೆ, ಓಡುತ್ತಿರುವ ವಿಡಿಯೋ ಓಡುತ್ತಿರುವಂತೆಯೇ ಚೌಕಚೌಕವಾಗಿ ಒಡೆದು ಕಲಸಿಹೋಗುತ್ತದೆ. ಕಾರಹುಣ್ಣಿಮೆಯ ಸಂಜೆ ಅಗಸಿಯಲ್ಲಿ ಕರಿ ಹರಿಯುವ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡ ಹುಡುಗನೊಬ್ಬನು ಅದನ್ನು ಈ ಯಂತ್ರಕ್ಕೆ ಒಡ್ಡಿದರೆ, ಎತ್ತಿನ ಕೊಂಬು ಒಂದು ಮೂಲೆಯಲ್ಲಿ, ಗೊರಸು ಇನ್ನೊಂದು ಮೂಲೆಯಲ್ಲಿ, ಹಿಂದೆ ಓಡುವವರ ರುಮಾಲುಗಳು ಮತ್ತೆಲ್ಲೋ ಕಾಣಿಸಿಕೊಂಡು, ಎತ್ತು ನಿಲ್ಲುವುದರೊಳಗಾಗಿ ಎತ್ತನ್ನು ಕೂಡಿಸಬೇಕಾದ ಸೊಗಸಾದ ಫಜೀತಿ ಅವನಿಗೆ ಒದಗುತ್ತದೆ.

ಮಸಾಚುಸೆಟ್ಸಿನ ಎಂಐಟಿಯಿಂದ 2007ರಲ್ಲಿ ಹೊರಬಂದ ಸ್ಕ್ರ್ಯಾಚ್‌ನಲ್ಲಿ ಮಕ್ಕಳು ತಮ್ಮದೇ ಚಿತ್ರ, ತಮ್ಮದೇ ಧ್ವನಿ ಹಾಕಿ ಆಟವನ್ನೇ ಕಟ್ಟಬಹುದು. ಬಿಲ್ ಕೆಂಡ್ರಿಕ್ 2002ರಲ್ಲಿ ಆರಂಭಿಸಿದ, ಕನ್ನಡದ ಅನುವಾದವೂ ಇರುವ ಟಕ್ಸ್ ಪೇಂಟ್‌ನಲ್ಲಿ ಇಂಡಿ ಸೀಮೆಯ ನಿಂಬೆಹಣ್ಣಿನ ಚಿತ್ರವನ್ನು ಅಚ್ಚಾಗಿ ಮಾಡಿಕೊಂಡು ಪುಟದ ತುಂಬ ಒತ್ತಬಹುದು. ಪಟ್ಟಿಯನ್ನು ಬೆಳೆಸುವುದು ನನ್ನ ಉದ್ದೇಶವಲ್ಲ.

ಆಟದಲ್ಲಿರುವ ಚಿತ್ರ ಯಾರದಾದರೇನು, ಮಗುವಿನ ಬುದ್ಧಿ ಚುರುಕಾದರೆ ಸಾಲದೆ, ಎಂದು ಕೇಳುವವರುಂಟು. ಅವರಿಗೆ ಉತ್ತರವಾಗಿ ಮಕ್ಕಳ ಮುಕ್ತ ತಂತ್ರಾಂಶಗಳಲ್ಲಿ ಪ್ರಸಿದ್ಧವೂ ಉಪಯುಕ್ತವೂ ಆದ ಒಂದರ ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಫ್ರಾನ್ಸಿನ ಬ್ರೂನೊ ಕುದ್ವಾನ್ 2000ದಲ್ಲಿ ಆರಂಭಿಸಿದ ಜಿಕಾಂಪ್ರಿ ಎಂಬ ಮಕ್ಕಳ ಆಟಗಳ ಸಂಗ್ರಹದಲ್ಲಿ ಚಿತ್ರ ಹೊಂದಿಸುವ ಒಂದು ಚಟುವಟಿಕೆಯಿದ್ದು, ಅದರಲ್ಲಿ ಬ್ರೂಗಲ್‌ನ ‘ರೈತರ ಮದುವೆ’ಯೂ ರೆನ್ವಾರನ ಪಿಯಾನೋ ನುಡಿಸುವ ಹುಡುಗಿಯರೂ ಇದ್ದಾರೆ. ಬ್ರೂಗಲ್‌ನ ಚಿತ್ರ ನನಗೆ ಬಹು ಪ್ರಿಯವಾದುದು. ಕೃಷ್ಣೆಯ ದಂಡೆಯಲ್ಲಿ, 1565ರ ಜನವರಿಯಲ್ಲಿ, ತಾಳಿಕೋಟೆಯ ಹೆಸರಿನಿಂದ ಪ್ರಸಿದ್ಧವಾದ ಕಾಳಗ ಮುಗಿದು ಎರಡು ಮೂರು ವರ್ಷಗಳು ಕಳೆದಿದ್ದ ಕಾಲದಲ್ಲಿ, ಅತ್ತ ಫ್ಲಾಂಡರ್ಸಿನಲ್ಲಿ ಅವನು ಈ ಚಿತ್ರವನ್ನು ಬರೆದನು. ಕಣದ ಕೊಟ್ಟಿಗೆಯೊಳಗೆ ಉದ್ದನೆಯ ಮೇಜುಗಳ ಮುಂದೆ ಊಟಕ್ಕೆ ಕುಳಿತ ರೈತರು, ಕದವೊಂದನ್ನು ಕಿತ್ತು ತಂದು ಅದರ ಮೇಲೆ ಗಂಜಿಯ ಬಟ್ಟಲುಗಳನ್ನಿಟ್ಟು ಹೊತ್ತು ಬರುವ ಇಬ್ಬರು ಆಳುಗಳು, ತೂಗುಹಾಕಿದ ಕಾಗದದ ಕಿರೀಟದ ಕೆಳಗೆ ಕಣ್ಣು ಮುಚ್ಚಿದಂತೆ ಕುಳಿತ ಮದುಮಗಳು, ಎಲ್ಲರ ಮುಂದೆ ನೆಲದ ಮೇಲೆ ಕುಳಿತು ಬೆರಳಿನಿಂದ ತಟ್ಟೆ ಬಳಿಯುತ್ತಿರುವ ಒಂದು ಮಗು. ನಮ್ಮ ಮುದ್ದೇಬಿಹಾಳ ಸೀಮೆಯ ನಾಲತವಾಡದಲ್ಲೋ ಢವಳಗಿಯಲ್ಲೋ ಹಂದರದ ಕೆಳಗೆ ಪಂಕ್ತಿ ಹಾಕಿ ಗೋಧಿಹುಗ್ಗಿ ಬಡಿಸುವ ಮದುವೆಯನ್ನು ಕಂಡವನಿಗೆ ಇದೇನೂ ಪರಕೀಯವಾದ ಚಿತ್ರವಲ್ಲ. ಬಡಿಸುವ ಗಡಿಬಿಡಿ ಅದೇ, ವಾದ್ಯ ಊದುವವರ ಹಸಿವೂ ಅದೇ. ಆದರೆ ಈ ಸಾಮ್ಯವನ್ನು ಕಾಣಬೇಕಾದರೆ ಎರಡು ಚಿತ್ರಗಳು ಬೇಕು. ಮುದ್ದೇಬಿಹಾಳದ ಮಗುವಿನ ಮುಂದೆ ಬ್ರೂಗಲ್‌ನ ಮದುವೆ ಮಾತ್ರ ಇದ್ದು, ಬಾಸಿಂಗ ಕಟ್ಟಿಕೊಂಡ ತನ್ನ ಅತ್ತೆಯ ಮದುವೆ ಇಲ್ಲದಿದ್ದರೆ, ಚಿತ್ರವಾಗಲು ಅರ್ಹವಾದ ಮದುವೆ ಬೇರೆಲ್ಲಿಯೋ ನಡೆಯುತ್ತದೆ ಎಂಬ ಭಾವನೆ ಹೇಳದೆಯೇ ಅದರ ಮನಸ್ಸಿನಲ್ಲಿ ಬೇರೂರುತ್ತದೆ. ಇದು ಜಿಕಾಂಪ್ರಿ ರಚಿಸಿದವರ ತಪ್ಪಲ್ಲ. ಅವರು ತಮ್ಮ ಮನೆಯ ಗೋಡೆಯ ಮೇಲಿದ್ದುದನ್ನು ಕೊಟ್ಟರು, ಅಷ್ಟೇ ಅಲ್ಲದೆ ಬೇಕಾದರೆ ಬದಲಿಸಿಕೊಳ್ಳಿರೆಂದು ಪರವಾನಗಿಯನ್ನೂ ಕೊಟ್ಟರು. ಬದಲಿಸಿಕೊಳ್ಳದೆ ಉಳಿದವರು ನಾವು.

ಆಟದ ಚಿತ್ರವನ್ನು ಆಡುವವನೇ ಆರಿಸಿಕೊಳ್ಳುವುದು ನಮ್ಮ ನಾಡಿಗೆ ಅಪೂರ್ವವೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟದ ವ್ಯಸನವುಳ್ಳ ದೊರೆ. ಪರ್ಷಿಯಾದ ಕಡೆಯಿಂದ ಬಂದು ಮೊಗಲರ ಅರಮನೆಗಳಲ್ಲಿ ಬೆಳೆದ ಗಂಜೀಫವೆಂಬ ಆಟದ ಎಲೆಗಳಲ್ಲಿ ತಮಗೆ ಬೇಕಾದ ದೇವತೆಗಳನ್ನೂ ಪುರಾಣಪುರುಷರನ್ನೂ ಬರೆಸಿ, ಹೊಸಹೊಸ ಆಟಗಳನ್ನು ಕಲ್ಪಿಸಿ, ಶ್ರೀತತ್ತ್ವನಿಧಿ ಎಂಬ ಗ್ರಂಥದ ಕೌತುಕನಿಧಿಯೆಂಬ ಭಾಗದಲ್ಲಿ ಅವುಗಳ ಕ್ರಮವನ್ನು ಬರೆಸಿಟ್ಟರು. ರಾಜ್ಯಾಡಳಿತವನ್ನು ಆಂಗ್ಲರು 1831ರಲ್ಲಿ ಕಿತ್ತುಕೊಂಡ ಮೇಲೆ ಉಳಿದ ದೀರ್ಘಕಾಲದಲ್ಲಿ ಅವರಿಗೆ ಸಾಮ್ರಾಜ್ಯವೊಂದಿದ್ದುದು ಎಲೆಗಳ ಮೇಲೆ ಎಂದು ಕುಹಕಿಗಳು ಅನ್ನಬಹುದು. ನಾನು ಹಾಗೆನ್ನಲಾರೆ. ಆದರೆ ಅಂದು ಆಟದೊಳಗೆ ತನ್ನ ಚಿತ್ರವನ್ನು ತರಿಸಿಕೊಳ್ಳಲು ಅರಸನಾಗಿರಬೇಕಿತ್ತು, ಚಿತ್ರಕಾರರ ಪರಿವಾರವನ್ನು ಸಾಕಬೇಕಿತ್ತು. ಇಂದು ಹತ್ತು ವರ್ಷದ ಹಳೆಯ ಒಂದು ಕಂಪ್ಯೂಟರೂ ಸ್ವಲ್ಪ ಕುತೂಹಲವೂ ಇದ್ದರೆ ಸಾಕು.

ಇನ್ನು ಈ ವಿಷಯದ ಗಂಭೀರವಾದ ಮಗ್ಗುಲಿಗೆ ಬರೋಣ. ಸ್ವಂತ ಚಿತ್ರವನ್ನು ಹಾಕಿ ಆಡುವ ಆಟಗಳು ಮೊಬೈಲಿನ ಅಂಗಡಿಯಲ್ಲಿ ಹೇರಳವಾಗಿಯೇ ಇವೆ, ಅವೂ ಬಿಟ್ಟಿಯೇ ದೊರೆಯುತ್ತವೆ. ಮುಕ್ತ ತಂತ್ರಾಂಶವೇ ಏಕೆ ಬೇಕು ಎಂದರೆ, ಹಾಕಿದ ಚಿತ್ರ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯಿಂದ. 2019ರಲ್ಲಿ ಫೇಸ್‌ಆಪ್ ಎಂಬುದು ಯೌವನದ ಮುಖವನ್ನು ಮುದಿಯಾಗಿಸಿ ತೋರಿಸಿ ಲೋಕವನ್ನೆಲ್ಲ ನಗಿಸಿತು. ಜನ ನಕ್ಕು ಮುಗಿಸಿದ ಮೇಲೆ ಷರತ್ತುಗಳನ್ನು ಓದಿದವರು, ಹಾಕಿದ ಚಿತ್ರವನ್ನು ಶಾಶ್ವತವಾಗಿ ಬಳಸುವ ಹಕ್ಕನ್ನು ಸಂಸ್ಥೆ ಬರೆಸಿಕೊಂಡಿದೆಯೆಂದು ಬೊಬ್ಬಿಟ್ಟರು. 2025ರ ಮಾರ್ಚ್‌ನಲ್ಲಿ ಜಪಾನಿನ ಗಿಬ್ಲಿ ಚಿತ್ರಶಾಲೆಯ ಶೈಲಿಯಲ್ಲಿ ತಮ್ಮ ಚಿತ್ರ ಬರೆಯಿಸಿಕೊಳ್ಳುವ ಹುಚ್ಚು ಹಬ್ಬಿದಾಗ, ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಇಡೀ ಮನೆತನಗಳು ಸಾಗರದಾಚೆಯ ಯಂತ್ರಗಳ ಪಾಲಾದವು. ಅವುಗಳಿಂದ ಅನಾಹುತವೇ ಆಯಿತೆಂದು ನಾನು ಹೇಳುತ್ತಿಲ್ಲ. ಮಂದಿಯ ಮುಂದೆ ಮನೆಯ ಮಾತು ಆಡಬಾರದೆಂದು ಮಕ್ಕಳಿಗೆ ಬುದ್ಧಿ ಹೇಳುವ ನಾವು, ಮನೆಯ ಮೋರೆಗಳನ್ನೇ ಒಂದು ಗುಂಡಿಯೊತ್ತಿ ದಾನಮಾಡುವುದರಲ್ಲಿ ಎಂಥ ಔದಾರ್ಯವನ್ನು ತೋರುತ್ತೇವೆಂಬುದಷ್ಟೆ ನನ್ನ ವಿಸ್ಮಯ.

ಪಲಪೆಲಿಯೂ ವಿಎಲ್‌ಸಿಯೊಳಗಿನ ಆಟವೂ ಅಂತರಜಾಲದ ಸಂಪರ್ಕವನ್ನೇ ಬೇಡುವುದಿಲ್ಲ. ಶಾಲೆಯ ತಂತಿಯನ್ನು ಕಿತ್ತಿಟ್ಟರೂ ಅವು ಆಡುತ್ತವೆ, ಚಿತ್ರ ಇದ್ದ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಮಾಚಬಾರದು. ಮುಕ್ತವಾಗಿರುವುದು ಬೇರೆ, ಚಿತ್ರವನ್ನು ಹೊರಗೆ ಕಳುಹಿಸದಿರುವುದು ಬೇರೆ. ಮುಕ್ತ ತಂತ್ರಾಂಶವೂ ಮನಸ್ಸು ಮಾಡಿದರೆ ಕಳುಹಿಸಬಲ್ಲುದು. ಆದರೆ ಮೂಲಬರಹ ಬಿಚ್ಚಿಟ್ಟಿರುವಾಗ ಆ ಕಳ್ಳತನ ಬಹುಕಾಲ ಅಡಗಿರುವುದು ದುಸ್ಸಾಧ್ಯ. ಅದನ್ನು ಮುದ್ದೇಬಿಹಾಳದ ಮಾಸ್ತರರೇ ಕುಳಿತು ಓದಬೇಕಾಗಿಲ್ಲ; ಓದಬಲ್ಲ ಯಾರಿಗೂ ಅಡ್ಡಿಯಿಲ್ಲವೆಂಬುದೇ ಒಂದು ಕಾವಲು. 2010ರಿಂದ ನಡೆಯುತ್ತಿರುವ ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಭಂಡಾರದಲ್ಲಿ ಜಾಹೀರಾತು ತೋರಿಸುವ, ಬಳಸುವವನ ಜಾಡು ಹಿಡಿಯುವ ತಂತ್ರಾಂಶಗಳ ಮೇಲೆ ಎಚ್ಚರಿಕೆಯ ಚೀಟಿಯನ್ನೇ ಅಂಟಿಸಿರುತ್ತಾರೆ. ಬೇರೆಡೆ ಹೆಸರು ಹೋಲುವ ನಕಲುಗಳು ಸಿಕ್ಕಾವು. ಹಾಗಾಗಿ ಆಯಾ ಯೋಜನೆಯ ಸ್ವಂತ ತಾಣದಿಂದಲೇ ತಂದುಕೊಳ್ಳುವುದು ಕ್ಷೇಮ.

ನೆರೆಯ ಕೇರಳವನ್ನು ನೋಡಿ ಸ್ವಲ್ಪ ನಾಚಬೇಕಾದ ವಿಷಯವೂ ಇದರಲ್ಲಿದೆ. ಅಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶದ ಕಡೆಗೆ ಹೊರಳಿ, ಇಂದು ಕೈಟ್ ಎಂಬ ಹೆಸರಿನ ಸರ್ಕಾರಿ ಸಂಸ್ಥೆಯಾಗಿ ಬೆಳೆದಿದೆ; ಕಿರಿಯ ತರಗತಿಗಳ ಮಕ್ಕಳಿಗಾಗಿ ‘ಕಳಿಪ್ಪೆಟ್ಟಿ’ ಎಂದು ಹೆಸರಿಟ್ಟು ತಂದ ಪುಸ್ತಕಗಳ ಪಾಠವೆಲ್ಲ ಜಿಕಾಂಪ್ರಿ, ಟಕ್ಸ್ ಪೇಂಟ್‌ಗಳಂಥ ಆಟಗಳ ಸುತ್ತಲೇ ಹೆಣೆದುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ವ್ಯವಸ್ಥೆಯಲ್ಲಿ ಓದುವವರು. ಗಡಿಯಾಚೆಯ ಕನ್ನಡದ ಕೂಸಿಗೆ ಸರ್ಕಾರವೇ ಕೊಡುವುದನ್ನು ಗಡಿಯೀಚೆಯ ಕೂಸಿಗೆ ಯಾರೋ ಒಬ್ಬ ಉತ್ಸಾಹಿ ಶಿಕ್ಷಕನು ತನ್ನ ರಜೆಯ ದಿನಗಳಲ್ಲಿ ಕೊಡಬೇಕಾಗಿರುವುದು ವಿಪರ್ಯಾಸ. ನಮ್ಮಲ್ಲಿ ಪ್ರಯತ್ನವೇ ನಡೆದಿಲ್ಲವೆಂದರೆ ಕೃತಘ್ನತೆಯಾದೀತು. 2011ರಿಂದ ಕೆಲವು ವರ್ಷ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ, ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟು ಮೊದಲಾದ ಮುಕ್ತ ತಂತ್ರಾಂಶಗಳನ್ನು ಕಲಿಸಿ, ಅವರೇ ಬರೆದ ಪಾಠಸಾಮಗ್ರಿಯನ್ನು ಎಲ್ಲರಿಗೂ ತೆರೆದಿಡುವ ಕಾರ್ಯವನ್ನು ನಡೆಸಿತು. ಬಿತ್ತಿದ್ದು ಒಳ್ಳೆಯ ಬೀಜ. ಮಳೆ ಮಾತ್ರ ಒಂದೆರಡು ಹಸಿಗೇ ನಿಂತಿತು.

ಆದುದರಿಂದ ಶಾಲೆಗೆಂದು ಡಿಜಿಟಲ್ ಪಾಠಗಳನ್ನೂ ಆಟಗಳನ್ನೂ ಕೊಳ್ಳುವ ಅಧಿಕಾರಿಗಳು, ದಾನಿಗಳು, ಶಾಲಾಭಿವೃದ್ಧಿ ಸಮಿತಿಗಳವರು ಮಾರಾಟಗಾರನನ್ನು ಮೊಟ್ಟಮೊದಲು ಕೇಳತಕ್ಕ ಪ್ರಶ್ನೆ ಒಂದೇ: ಇದರೊಳಗೆ ನಮ್ಮ ಹುಡುಗಿ ತನ್ನ ಊರಿನ ಚಿತ್ರವನ್ನು ಹಾಕಬಲ್ಲಳೇ, ಹಾಕಿದ ಚಿತ್ರ ಇಲ್ಲಿಯೇ ಉಳಿಯುವುದೇ? ಬಣ್ಣ, ಸಂಗೀತ, ಕುಣಿಯುವ ಕರಡಿ ಇವೆಲ್ಲವುಗಳ ಮಾತು ಆಮೇಲೆ. ಸ್ಪಿಲ್ಸ್‌ಬರಿ ಯುರೋಪಿನ ರಾಜ್ಯಗಳನ್ನು ಕತ್ತರಿಸಿದಂತೆ, ಐದೇ ತಾಲ್ಲೂಕುಗಳಿದ್ದ ನಮ್ಮ ಜಿಲ್ಲೆಯಲ್ಲಿ ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ, ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಬೇರ್ಪಟ್ಟು ನಿಂತ ಬಗೆಯನ್ನು ಮಕ್ಕಳು ಹೊಂದಿಸಿ ಕಲಿಯಲಿ. ಆಲಮಟ್ಟಿಯ ಬಾಗಿಲುಗಳಿಂದ ನೀರು ಧುಮುಕುವ ವಿಡಿಯೋವನ್ನು ಚೌಕಮಾಡಿ ಕೂಡಿಸಲಿ. ತಂಗಡಗಿಯಲ್ಲಿರುವ ನೀಲಾಂಬಿಕೆಯ ಐಕ್ಯಸ್ಥಳವನ್ನೂ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವ ತಾಯಿಯನ್ನೂ ತುಂಡುಗಳಲ್ಲಿ ಗುರುತುಹಿಡಿಯಲಿ. ದುಡಿಯಲೆಂದು ಗೋವೆಗೋ ಪುಣೆಗೋ ಗುಳೆ ಹೋದ ತಂದೆತಾಯಿಗಳನ್ನು ಬಿಟ್ಟು ಅಜ್ಜ ಅಜ್ಜಿಯರ ಬಳಿ ಉಳಿದ ತಾಂಡಾದ ಮಗುವಿಗೆ, ಅವ್ವನ ಮುಖವನ್ನು ತನ್ನ ಕೈಯಾರೆ ಕೂಡಿಸುವ ಆಟ ಬರಿಯ ಆಟವಾಗಿ ಉಳಿಯದು.

ಇಲ್ಲಿಯೇ ಒಂದು ಮುಳ್ಳೂ ಇದೆ. ‘ನಿಮ್ಮ ಮನೆಯ ಫೋಟೋ ತನ್ನಿರಿ’ ಎಂದು ತರಗತಿಯಲ್ಲಿ ಹೇಳುವುದು ಸುಲಭ. ಆದರೆ ಎಲ್ಲ ಮನೆಗಳ ಗೋಡೆಗಳೂ ಒಂದೇ ಸಮನಾಗಿ ಚಿತ್ರಗಳನ್ನು ಹೊತ್ತಿಲ್ಲ. ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಮೂರು ತಲೆಮಾರಿನ ಭಾವಚಿತ್ರಗಳುಳ್ಳ ಮನೆಯ ಹುಡುಗನ ಪಕ್ಕದಲ್ಲಿ, ಮುತ್ತಜ್ಜನ ಮುಖ ಹೇಗಿತ್ತೆಂದು ಬಾಯಿಮಾತಿನಿಂದ ಮಾತ್ರ ಬಲ್ಲ ಹುಡುಗಿ ಕುಳಿತಿರುತ್ತಾಳೆ. ಕೃಷ್ಣೆಗೆ ಆಲಮಟ್ಟಿಯಲ್ಲಿಯೂ ನಾರಾಯಣಪುರದಲ್ಲಿಯೂ ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳ್ಳಿಗಳಲ್ಲಿ ಎಷ್ಟೋ ಮನೆಗಳ, ಗುಡಿಗಳ, ಕಟ್ಟೆಗಳ ಚಿತ್ರವನ್ನು ಯಾರೂ ತೆಗೆದಿರಲಿಲ್ಲ. ಮೊಬೈಲಿನ ಕಾಲ ಬರುವಷ್ಟರಲ್ಲಿ ಅವುಗಳ ಮೇಲೆ ನೀರು ನಿಂತಿತ್ತು. ಇದ್ದವರಿಗೆ ಮಾತ್ರ ಆಟವಾದರೆ ಹೊಸದೊಂದು ಪಂಕ್ತಿಭೇದವನ್ನೇ ತರಗತಿಯೊಳಗೆ ತಂದಂತಾದೀತು. ಅದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಪಲಪೆಲಿಗೆ ಛಾಯಾಚಿತ್ರವೇ ಬೇಕೆಂದಿಲ್ಲ, ಮಗು ಕೈಯಿಂದ ಬರೆದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಟ್ಟರೂ ಅದು ಅಷ್ಟೇ ಶ್ರದ್ಧೆಯಿಂದ ಕತ್ತರಿಸುತ್ತದೆ. ಮುಳುಗಿದ ಊರಿನ ಅಗಸಿ ಎಲ್ಲಿತ್ತು, ಹನುಮಪ್ಪನ ಗುಡಿ ಯಾವ ದಿಕ್ಕಿಗಿತ್ತು, ಬಾವಿಗೆ ಎಷ್ಟು ಪಾವಟಿಗೆಗಳಿದ್ದವು ಎಂದು ಅಜ್ಜನನ್ನು ಕೇಳಿ ಕೇಳಿ ಮಗು ಬರೆದ ನಕ್ಷೆ, ಯಾವ ಸ್ಟುಡಿಯೋದ ಭಾವಚಿತ್ರಕ್ಕೂ ಕಡಿಮೆಯಾದುದಲ್ಲ; ತುಂಡುಗಳನ್ನು ಹೊಂದಿಸುವಾಗ ಅಜ್ಜನನ್ನೂ ಪಕ್ಕದಲ್ಲಿ ಕೂಡಿಸಿಕೊಂಡರೆ, ಬಾವಿಯನ್ನು ತಪ್ಪು ಮೂಲೆಯಲ್ಲಿ ಬರೆದುದಕ್ಕೆ ಅವನು ಮೊಮ್ಮಗನೊಡನೆ ಜಗಳವಾಡದೆ ಬಿಡಲಾರ.

ಒಪ್ಪಿಗೆಯ ಮಾತು ಇನ್ನೊಂದು. ಬೇರೆಯವರ ಮಕ್ಕಳ ಚಿತ್ರವನ್ನು, ಅದರಲ್ಲೂ ಹೆಣ್ಣುಮಕ್ಕಳ ಚಿತ್ರವನ್ನು, ಮನೆಯವರನ್ನು ಕೇಳದೆ ಆಟಕ್ಕೆ ಹಾಕುವುದು ನಮ್ಮ ಭಾಗದಲ್ಲಿ ರಂಪಕ್ಕೆ ದಾರಿ, ಅದು ನ್ಯಾಯವಾದ ರಂಪವೂ ಹೌದು. ದೇಶದಲ್ಲಿ 2023ರಲ್ಲಿ ಆದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಹದಿನೆಂಟು ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನೇ ಕೇಳುತ್ತದೆ. ಶಾಲೆಯ ಪೆಟ್ಟಿಗೆಯಿಂದ ಹೊರಗೆ ಹೋಗದ ಚಿತ್ರಕ್ಕೂ ಪಾಲಕರ ಸಭೆಯಲ್ಲಿ ಒಂದು ಮಾತು ಕೇಳಿ ಸಹಿ ಪಡೆಯುವುದು ಮರ್ಯಾದೆ; ಹೊರಗೆ ಹಂಚುವ ಆಟದಲ್ಲಿ ಮುಖಗಳಿಗಿಂತ ಗುಡಿ, ಮಸೀದಿ, ಬಾವಿ, ಬೆಳೆ, ದನಕರುಗಳ ಚಿತ್ರಗಳಿರುವುದು ಜಾಣತನ.

ಕಡೆಗೆ ಆಡಳಿತದ ಒಂದು ಸಣ್ಣ ಮಾತು, ಆದರೆ ಎಲ್ಲ ಕೆಲಸವನ್ನೂ ಕೆಡಿಸುವಷ್ಟು ಸಮರ್ಥವಾದ ಮಾತು. ಆಸಕ್ತಿಯಿಂದ ಇಂಥ ಆಟಗಳನ್ನು ಕಟ್ಟಿದ ಶಿಕ್ಷಕರಿಗೆ ವರ್ಗಾವಣೆಯಾದೊಡನೆ ಆ ಕಡತಗಳು ಅವರ ಪೆನ್‌ಡ್ರೈವಿನೊಡನೆ ಊರು ಬಿಡುತ್ತವೆ, ಇಲ್ಲವೇ ಮುಂದೆ ಬಂದವರು ಕಂಪ್ಯೂಟರನ್ನು ಶುಚಿಮಾಡಿಸುವಾಗ ಅಳಿಸಿಹೋಗುತ್ತವೆ. ಬೆಂಚು, ಗಡಿಯಾರ, ಗ್ಲೋಬು, ಕಂಪ್ಯೂಟರು ಎಲ್ಲಕ್ಕೂ ಶಾಲೆಯ ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆಯುಂಟು. ಮಕ್ಕಳ ಚಿತ್ರಗಳಿಂದ ಕಟ್ಟಿದ ಆಟಕ್ಕಿಲ್ಲ. ಆಟದ ಹೆಸರು, ಅದರಲ್ಲಿರುವ ಚಿತ್ರ ಯಾವ ಊರಿನದು, ತೆಗೆದವರು ಯಾರು, ಹಂಚಲು ಮನೆಯವರ ಒಪ್ಪಿಗೆಯುಂಟೋ ಇಲ್ಲವೋ ಎಂಬಿಷ್ಟನ್ನು ಅದೇ ವಹಿಯಲ್ಲಿ ಬರೆದು, ಪ್ರತಿಯೊಂದನ್ನು ಕ್ಲಸ್ಟರಿನ ಸಂಪನ್ಮೂಲ ಕೇಂದ್ರದಲ್ಲಿಯೂ ಇಡುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಇಲಾಖೆಗೆ ತಗಲುವ ವೆಚ್ಚ ಒಂದು ಹಾಳೆ ಕಾಗದದ್ದು.